ಮಾವ ತಂದ ಕರೆಂಟ್ ಗಿಟಾರು

ನಮ್ಮ ಅಕ್ಕನ ಗಂಡ ದೇವರಂಥ ಮನುಷ್ಯ ಎಂದು ಅವನ ಊರು ರೋಣದ ಜನ ಹೇಳುತ್ತಾರೆ. ಹೇಳಲಿ, ನನ್ನದೇನೂ ತಕರಾರಿಲ್ಲ. ಆದರೆ ದೇವರ ಕಾಟ ಎಂಥದ್ದು ಅಂತ ಗೊತ್ತಿರುವುದು ದಿನಾ ಗುಡಿಯ ಬಾಗಿಲು ತೆಗೆಯುವ ಪೂಜಾರಿಗೆ. ಸೋಮವಾರಕ್ಕೊಮ್ಮೆ ಕಾಯಿ ಒಡೆಸಿಕೊಂಡು ಹೋಗುವವರಿಗೆ ಏನು ಗೊತ್ತು? ನಾನು ಆ ದೇವರ ಹೆಂಡತಿಯ ತಮ್ಮ. ಕೇಳುವುದಿದ್ದರೆ ನನ್ನನ್ನು ಕೇಳಿ!

ಮೊದಲು ನನ್ನ ವಿಚಾರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಗಜೇಂದ್ರಗಡದಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿ ಇದೆ. ಆರನೇ ಇಯತ್ತೆಗೇ ಶಾಲೆಗೆ ಕೈಮುಗಿದು ಬಂದವನು ನಾನು. ಅದಕ್ಕೆ ನಾಚಿಕೆಯೇನೂ ಇಲ್ಲ. ಕಂಡವರ ಹಾರ್ನು ಹೊತ್ತು, ಬೇವಿನ ಗಿಡ ಏರಿ ಕಟ್ಟಿ, ಬೈಸಿಕೊಂಡು ಕೆಲಸ ಕಲಿತು, ಇವತ್ತು ಸ್ವಂತ ಬಾಕ್ಸು, ಸ್ವಂತ ಆಂಪ್ಲಿಫೈಯರು, ಸ್ವಂತ ಜನರೇಟರು ಇಟ್ಟಿದ್ದೇನೆ. ನನ್ನ ಹಾರ್ನು ಇಟಗಿಯಲ್ಲಿ ಕೂಗಿತೆಂದರೆ ಪಕ್ಕದ ಊರಿನ ಎಮ್ಮೆ ಹಿಂಡಲು ಕೊಡುವುದಿಲ್ಲ! ಅಂಥ ಹೆಸರು ನನ್ನದು.

ಅಕ್ಕನ ಗಂಡನಿಗೆ ನಮ್ಮ ಕಡೆ ಮಾವ ಅನ್ನುತ್ತೇವೆ; ಈ ನನ್ನ ಮಾವನೂ ದನಿಗೇ ಹೆಸರಾದವನು. ರಿಟೈರ್ ಆಗುವವರೆಗೆ ಬಸ್ ಕಂಡಕ್ಟರ್. ‘ನರಗುಂದ, ನರಗುಂದ, ನರಗುಂದ’ ಎಂದು ಅವನು ಸ್ಟ್ಯಾಂಡಿನಲ್ಲಿ ಕೂಗಿದರೆ, ಗದಗಕ್ಕೆ ಹೊರಟಿದ್ದವರೂ ಹೆದರಿ ನರಗುಂದದ ಬಸ್ಸು ಹತ್ತುತ್ತಿದ್ದರಂತೆ. ಇಂಥ ಗಂಟಲಿನ ಮನುಷ್ಯ ಹೋದ ವರ್ಷದಿಂದ ಪಿಸುಮಾತಿನಲ್ಲಿ ಬದುಕುತ್ತಿದ್ದಾನೆ.

ಕಾರಣ ಅಕ್ಕ. ಅವಳ ತಲೆಯಲ್ಲಿ ಒಂದು ಗಂಟು ಬೆಳೆದಿದೆ ಅಂತ ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿದೆವು. ದೇವರ ದಯೆ, ಅಕ್ಕ ಉಳಿದಳು. ಆದರೆ ಅವಳಿಗೆ ಸಪ್ಪಳ ಆಗಿಬರದಂತಾಯಿತು. ಒಂದು ತಾಟು ಬಿದ್ದರೆ ಸಾಕು, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ದಿನ ಹೋದಂತೆ ಕಡಿಮೆಯಾಗಬಹುದು, ಆಗದೆಯೂ ಇರಬಹುದು ಎಂದರು ಡಾಕ್ಟರು. ಮುಂಜಾನೆ ಎದ್ದು ರೇಡಿಯೋ ಹಚ್ಚಿ, ರೊಟ್ಟಿ ಬಡಿಯುತ್ತ ಅದರ ಜೊತೆಗೆ ಹಾಡುತ್ತ ಬಾಳಿದವಳು ಅವಳು. ಈಗ ಎಷ್ಟು ಸಣ್ಣಗೆ ಇಟ್ಟರೂ ರೇಡಿಯೋದ ಚೀರುದನಿ ಸೂಜಿ ಚುಚ್ಚಿದಂತಾಗುತ್ತಿತ್ತು. ರೇಡಿಯೋ ಅಟ್ಟ ಸೇರಿತು. ಅದರ ಸಂಗಡ ಅಕ್ಕನ ಹಾಡೂ ಹೋಯಿತು.

‘ನಾ ಉಳಕೊಂಡೆ ತಮ್ಮಾ, ಮನೀನ ಸತ್ತಂಗ ಆತು’ ಎಂದು ಒಮ್ಮೆ ನನ್ನ ಮುಂದೆ ಕಣ್ಣೀರು ತೆಗೆದಳು. ಅವ್ವ ಹೋದ ಮೇಲೆ ನನಗೆ ಉಣ್ಣಿಸಿ ಬೆಳೆಸಿದವಳು. ಅವಳಿಗೆ ಒಂದು ಹಾಡು ಕೇಳಿಸಲಾಗದಿದ್ದರೆ ನನ್ನ ಅಷ್ಟು ದೊಡ್ಡ ಬಾಕ್ಸುಗಳನ್ನು ಏನು ಸುಡುವುದೇ?

ಇರಲಿ. ಮಾವನ ಕಾಯ್ದೆಗಳನ್ನು ಕೇಳಿ. ಮೊದಲನೆಯದು, ಕುಕ್ಕರಿನ ಸೀಟಿ ಬಂದ್. ಬದುಕಿಡೀ ಸೀಟಿ ಊದಿ ಉಂಡ ಮನುಷ್ಯ ಕುಕ್ಕರಿಗೆ ಸೀಟಿ ಊದಬೇಡ ಅಂದ! ಬೇಳೆ ಗಡಿಗೆಯಲ್ಲಿ ಬೇಯತೊಡಗಿತು. ಸ್ಟೀಲಿನ ತಾಟು ಹೋಗಿ ಎಲೆಯ ಪತ್ರೋಳಿ ಬಂತು. ಮಂಚದ ಕಾಲುಗಳಿಗೆ ಸೈಕಲ್ ಟ್ಯೂಬಿನ ಬೂಟು ಹಾಕಿದ. ಬಂದವರು ಚಪ್ಪಲಿಯನ್ನು ಬಾಗಿಲಲ್ಲಲ್ಲ, ಓಣಿಯ ತಿರುವಿನಲ್ಲೇ ಬಿಡಬೇಕು! ಓಣಿಯ ನಾಯಿಗಳಿಗೆ ಅದೊಂದು ಹಬ್ಬವೇ ಆಯಿತು. ನನ್ನ ಒಂದು ಹೊಸ ಚಪ್ಪಲಿ ಇನ್ನೂ ಸಿಕ್ಕಿಲ್ಲ.

ಒಂದು ದಿನ ಊಟಕ್ಕೆ ಕೂತಿದ್ದೆ. ಅಕ್ಕ ಪ್ರೀತಿಯಿಂದ ಒಂದು ಹಪ್ಪಳ ಹಾಕಿದಳು. ಬಾಯಿಗೆ ಒಯ್ದೆ, ಅಷ್ಟರಲ್ಲಿ ಮಾವನ ಕೈ ಬಂದು ನನ್ನ ಮುಂಗೈ ಹಿಡಿಯಿತು.

‘ಹೊರಗ ಹೋಗಿ ತಿನ್ನು’ ಅಂದ, ಪಿಸುಗುಡುತ್ತ.

‘ಮಾವಾ, ಇದು ಹಪ್ಪಳ ರೀ, ಪಟಾಕಿ ಅಲ್ಲ!’

‘ನಿನ್ನ ಹಲ್ಲು ನನಗ ಗೊತ್ತಿಲ್ಲೇನು? ನಡಿ, ನಡಿ.’

ನಾನು, ಗಜೇಂದ್ರಗಡದಲ್ಲಿ ನಾಲ್ಕು ಮಂದಿ ನಮಸ್ಕಾರ ಮಾಡುವ ಮನುಷ್ಯ, ಅಕ್ಕನ ಮನೆಯ ಗಟಾರದ ಪಕ್ಕ ನಿಂತು ಹಪ್ಪಳ ತಿಂದೆ! ಹೋಗುವವರೆಲ್ಲ ‘ಯಾಕ್ರಿ ಹೊರಗ?’ ಎಂದು ಕೇಳುವವರೇ. ಏನು ಹೇಳಲಿ? ಗಾಳಿ ಚಲೋ ಬೀಸಾಕತ್ತೈತಿ ಅಂದೆ.

ಇಷ್ಟಾದರೂ ಸಹಿಸಿಕೊಂಡೆ. ಅಕ್ಕನ ಸಲುವಾಗಿ ತಾನೆ? ಆದರೆ ಮುಂದೆ ನಡೆದದ್ದನ್ನು ಯಾವ ತಮ್ಮ ಸಹಿಸಿಕೊಳ್ಳುತ್ತಾನೆ, ನೀವೇ ಹೇಳಿ.

ನರಗುಂದದಲ್ಲಿ ನಮ್ಮ ಬಳಗದವರದೊಂದು ಮದುವೆ. ಸಂಜೆ ಆರ್ಕೆಸ್ಟ್ರಾ. ಮೈಕ್‌ಸೆಟ್ ನನ್ನದೇ ಎಂದು ಬೇರೆ ಹೇಳಬೇಕೆ? ಹಾಡು ರಂಗೇರಿದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಜನರೇಟರಿನ ಹಗ್ಗ ಎಳೆದೆ. ಹತ್ತಲಿಲ್ಲ. ಮತ್ತೆ ಎಳೆದೆ. ನನ್ನ ಜನರೇಟರು ಹಾಗೆ ಕೈಕೊಡುವುದಲ್ಲ; ಅವತ್ತು ಎಣ್ಣೆಯಲ್ಲಿ ಕಸ ಇತ್ತು, ಅದು ಬಂಕಿನವನ ತಪ್ಪು. ಹಾಡುವವರು ಸುಮ್ಮನಾದರು. ಕೀಬೋರ್ಡ್ ಸತ್ತಿತು. ಬೀಗರು ನನ್ನನ್ನು ನುಂಗುವಂತೆ ನೋಡುತ್ತಿದ್ದರು. ಬೆವರು ಒರೆಸಿಕೊಳ್ಳುತ್ತ ತಲೆ ಎತ್ತಿದರೆ ಕಂಡದ್ದೇನು? ನಮ್ಮ ಮಾವ ಸ್ಟೇಜಿನ ಮೂಲೆಯಲ್ಲಿ ಕೂತಿದ್ದ ಗಿಟಾರಿನವನ ಹೊಟ್ಟೆಗೆ ಕಿವಿ ಹಚ್ಚಿ ಬಗ್ಗಿ ನಿಂತಿದ್ದಾನೆ! ಆ ಹುಚ್ಚಪ್ಪ ಕರೆಂಟಿಲ್ಲದಿದ್ದರೂ ಚಾಳಿಗೆ ಬಿದ್ದು ತಂತಿ ಮೀಟುತ್ತಲೇ ಇದ್ದ. ಮಾವನ ಮುಖದ ಮೇಲೆ ನಗು. ನನ್ನ ಮಾನ ಹೋಗುತ್ತಿದೆ, ನನ್ನ ಸ್ವಂತ ಮಾವ ನಗುತ್ತಿದ್ದಾನೆ! ಆ ನಗುವನ್ನು ನಾನು ಮರೆಯಲಿಲ್ಲ.

ಮುಂದಿನ ವಾರವೇ ಅವನು ನನ್ನ ಅಂಗಡಿಗೆ ಬಂದ. ಮಾಫಿ ಕೇಳಲು ಬಂದನೆಂದು ಚಹಾ ತರಿಸಿದೆ.

‘ತಮ್ಮಾ, ಒಂದು ಗಿಟಾರ್ ತಗೋಬೇಕು. ಕರೆಂಟಿಂದು.’

ಚಹಾ ನನ್ನ ಮೂಗಿಗೆ ಏರಿತು.

‘ಏನಂದ್ರಿ? ಯಾರ ಮನಿಗೆ?’

‘ನಮ್ಮ ಮನಿಗೆ.’

‘ನನಗ ಹಪ್ಪಳ ತಿನ್ನಾಕ ಕೊಡಲಿಲ್ಲ, ನೀವು ಕರೆಂಟ್ ಗಿಟಾರ್ ಬಾರಸ್ತೀರಿ? ನಮ್ಮಕ್ಕನ್ನ ಕೊಲ್ಲಬೇಕಂತ ಮಾಡೀರೇನು?’

‘ಸಾವಕಾಶ ಮಾತಾಡು, ಸಾವಕಾಶ’ ಎಂದು ಕೈಮಾಡಿದ. ನನ್ನ ಅಂಗಡಿಯಲ್ಲಿ, ಎದೆಯುದ್ದದ ಬಾಕ್ಸುಗಳ ನಡುವೆ ನಿಂತು, ನನಗೆ ಸಾವಕಾಶ ಮಾತಾಡು ಅನ್ನುತ್ತಾನೆ! ‘ನೀ ವಾಯರಿನ ಕೆಲಸದಾಂವ. ಸಂಗಡ ಬಾ. ತುಟ್ಟಿದು ಬ್ಯಾಡ, ನನ್ನ ಪೆನ್ಶನ್ನಿಗೆ ಹೊಂದುವಂಥದ್ದು ಸಾಕು.’

ಯಾಕೆ ಏನು ಅಂತ ಬಾಯಿ ಬಿಡಲಿಲ್ಲ. ಜಾಸ್ತಿ ಕೇಳಿದರೆ ಟೊಪ್ಪಿಗೆ ಸರಿಮಾಡಿಕೊಂಡು ಗೋಡೆ ನೋಡುವ ಜಾತಿ. ಅವನೊಬ್ಬನೇ ಹೋಗಿ ಇನ್ನೂ ದೊಡ್ಡದನ್ನು ತಂದಾನು ಎಂದು ಹೆದರಿ, ಗದಗದ ಒಂದು ವಾದ್ಯದ ಅಂಗಡಿಗೆ ಕರೆದುಕೊಂಡು ಹೋದೆ.

ಅಂಗಡಿಯವನು ಪಾಪ, ಒಳ್ಳೆ ಗಿರಾಕಿ ಅಂದುಕೊಂಡು ಒಂದು ಕೆಂಪು ಗಿಟಾರಿಗೆ ವಾಯರು ಸಿಕ್ಕಿಸಿ ಝೈಂ ಅನ್ನಿಸಿದ. ತಿರುಗಿ ನೋಡಿದರೆ ಮಾವ ಇಲ್ಲ! ರಸ್ತೆ ದಾಟಿ ಆಚೆ ದಂಡೆಗೆ ನಿಂತಿದ್ದಾನೆ. ಕರೆದುಕೊಂಡು ಬಂದರೆ ಹೇಳುತ್ತಾನೆ, ‘ಆ ವಾಯರ್ ತೆಗೀರಿ. ಈಗ ಬಾರಸ್ರಿ.’

ಅಂಗಡಿಯವನು ವಾಯರು ಕಿತ್ತು ಮೀಟಿದ. ಮಾವ ಕಿವಿ ಹಚ್ಚಿದ. ‘ಇನ್ನೊಂಚೂರು ಸಣ್ಣ ದನಿದು ಇಲ್ಲೇನ್ರಿ?’

‘ಯಜಮಾನ್ರ, ಇದರ ದನಿ ಇನ್ನಾ ಹೊರಗ ಬಂದೇ ಇಲ್ಲರಿ!’

‘ಅದ ಬೇಕು ನನಗ. ಎಷ್ಟರಿ ಇದಕ್ಕ?’

ಅಂಗಡಿಯವನು ರೇಟು ಹೇಳಿದ. ಮಾವ ಗೋಡೆಗೆ ತೂಗುಹಾಕಿದ್ದ, ಕರೆಂಟು ಬೇಡದ ಮರದ ಗಿಟಾರಿನ ರೇಟು ಕೇಳಿದ. ಅದು ಅರ್ಧಕ್ಕಿಂತ ಕಡಿಮೆ.

‘ಅಲ್ರಿ ಸಾಹುಕಾರ, ಆ ಮರದ್ದು ಇಷ್ಟು ಜೋರಾಗಿ ಒದರತೈತಿ, ಅದಕ್ಕ ಕಮ್ಮಿ ರೊಕ್ಕ. ಇದು ಬಾಯಿ ಬಿಡೂದಿಲ್ಲ, ಇದಕ್ಕ ಹೆಚ್ಚಿನ ರೊಕ್ಕ. ಇದ್ಯಾವ ನ್ಯಾಯ? ದನಿ ಕಮ್ಮಿ ಇದ್ದದ್ದಕ್ಕ ರೇಟೂ ಕಮ್ಮಿ ಇರಬೇಕಲ್ಲ?’

ಅಂಗಡಿಯವನು ಮಾವನನ್ನು ಬಿಟ್ಟು ನನ್ನ ಮುಖ ನೋಡಿದ. ದವಾಖಾನೆಗೆ ಒಯ್ಯುವವರು ದಾರಿಯಲ್ಲಿ ಇಲ್ಲಿ ಇಳಿದಿದ್ದಾರೇನೋ ಎಂಬ ನೋಟ ಅದು. ನಾನು ‘ಇವರು ನಮ್ಮವರಲ್ಲ, ಬಸ್ಸಿನ್ಯಾಗ ಭೇಟಿ ಆದವರು’ ಅಂದುಬಿಟ್ಟೆ.

ಕಡೆಗೆ ಎಲ್ಲಿ ತಂದ ಗೊತ್ತೇ? ಅದೇ ನರಗುಂದದ ಆರ್ಕೆಸ್ಟ್ರಾದ ಗಿಟಾರಿನವನ ಹತ್ತಿರ. ಅವನ ಮನೆಯಲ್ಲಿ ಒಂದು ಹಳೆಯ ಕರಿ ಗಿಟಾರು ಮೂಲೆಗೆ ಬಿದ್ದಿತ್ತು. ಅವನು ಪ್ರಾಮಾಣಿಕ, ಮೊದಲೇ ಹೇಳಿದ: ‘ಕಾಕಾ, ಇದರ ಕಾಯಿಲ್ ಸುಟ್ಟೈತಿ. ಎಂಥಾ ಬಾಕ್ಸಿಗೆ ಹಚ್ಚಿದ್ರೂ ದನಿ ಬರೂದಿಲ್ಲ.’

‘ಬರೂದ ಇಲ್ಲ? ಖರೇನ?’

‘ಖರೇನ್ರಿ.’

‘ಹಂಗಾರ ಭಾಳ ಚಲೋ ಆತು!’ ಎಂದು ಮಾವ ಅದನ್ನು ಕೂಸು ಎತ್ತಿಕೊಂಡಂತೆ ಎತ್ತಿಕೊಂಡ. ಕೆಟ್ಟ ಮಾಲಾದ್ದರಿಂದ ಅವನ ಪೆನ್ಶನ್ನಿಗೂ ಹೊಂದಿತು.

ಈಗ ಹೇಳಿ, ಇದು ನನಗೆ ಅವಮಾನವೋ ಅಲ್ಲವೋ? ಸುಟ್ಟ ಕಾಯಿಲಿಗೆ ತಂತಿ ಸುತ್ತಿ ಜೀವ ತುಂಬುವ ಕೈ ಇದು! ಇಷ್ಟು ಸಿಟ್ಟಿನಲ್ಲೂ ಕಸಬುದಾರನ ಧರ್ಮ ಬಿಡಲಾರದೆ, ‘ಕೊಡ್ರಿ ಮಾವಾ, ಒಂದು ತಾಸಿನ್ಯಾಗ ಸುತ್ತಿಕೊಡ್ತೀನಿ’ ಅಂದೆ.

‘ಕೈ ಹಚ್ಚಬ್ಯಾಡ!’ ಅಂದ. ನನ್ನನ್ನು ಕಳ್ಳನಂತೆ ನೋಡಿ, ಗಿಟಾರನ್ನು ಧೋತರದ ಚುಂಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದ.

ಅಂದರೆ ಏನರ್ಥ? ಬೇರೆ ಯಾರ ಕೈಯಲ್ಲೋ ರಿಪೇರಿ ಮಾಡಿಸುತ್ತಾನೆ ಎಂದೇ ಅರ್ಥ! ರೋಣದಲ್ಲೊಬ್ಬ ಮೈಕ್‌ಸೆಟ್ಟಿನವನಿದ್ದಾನೆ. ಅವನ ಬಾಕ್ಸು ಕೆಮ್ಮುರೋಗದ ಮುದುಕನಂತೆ ಗೊರಗುಟ್ಟುತ್ತದೆ. ಅವನ ಕಡೆ ಹೋಗುತ್ತಾನೆ, ಅವನ ಆಂಪ್ಲಿಫೈಯರಿಗೆ ಹಚ್ಚಿ ಅಕ್ಕನ ತಲೆ ಒಡೆಯುತ್ತಾನೆ ಎಂದು ನನಗೆ ನಿದ್ದೆ ಹತ್ತದಂತಾಯಿತು. ಒಂದು ಕಡೆ ಅಕ್ಕನ ಚಿಂತೆ. ಇನ್ನೊಂದು ಕಡೆ, ಖರೆ ಹೇಳಬೇಕೆಂದರೆ, ನನ್ನ ಬಾಕ್ಸಿಗೆ ಏನು ಕಡಿಮೆಯಾಗಿತ್ತು ಎಂಬ ಉರಿ.

ಸುದ್ದಿಗಳು ಬರತೊಡಗಿದವು. ‘ನಿಮ್ಮ ಮಾವ ಗಿಟಾರ್ ಹೊತಗೊಂಡು ನರಗುಂದದ ಬಸ್ ಹತ್ತಿದ್ರು.’ ‘ಆರ್ಕೆಸ್ಟ್ರಾದವನ ಮನ್ಯಾಗ ಕಲಿಯಾಕತ್ತಾರಂತ.’ ‘ಮೆಣಸಗಿ ಕಡೆ ಯಾರದೋ ಹೊಲದ ಬದುವಿನ ಮ್ಯಾಲೆ ಕುಂತು ಬಾರಸ್ತಿದ್ರು, ಹೊಲದವರು ಗುಬ್ಬಿ ಓಡಸಾಕ ಬಂದಾರೇನೋ ಅಂದ್ಕೊಂಡ್ರು.’ ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ? ಇನ್ನು ಕೂದಲು ಬಿಟ್ಟು, ಕಿವಿಗೆ ರಿಂಗು ಹಾಕಿಕೊಂಡು, ಕಪ್ಪು ಚಷ್ಮಾ ಏರಿಸುವುದೊಂದು ಬಾಕಿ! ಫೋನು ಹಚ್ಚಿದರೆ ಅವನದು ಪಿಸುಮಾತು, ನನಗೆ ಕೇಳುವುದಿಲ್ಲ. ನಾನು ಜೋರಾಗಿ ‘ಹಲೋ’ ಅಂದರೆ ಪಟ್ಟನೆ ಇಟ್ಟುಬಿಡುತ್ತಾನೆ.

ಇದು ಮುಗಿಯಬೇಕು ಎಂದು ಒಂದು ಮಧ್ಯಾಹ್ನ ರೋಣಕ್ಕೆ ಹೊರಟೆ. ಆ ಗಿಟಾರು ಕಸಿದುಕೊಂಡೇ ಬರುವುದು; ತಪ್ಪಿದರೆ ಅಕ್ಕನನ್ನಾದರೂ ನಮ್ಮ ಮನೆಗೆ ಕರೆದುಕೊಂಡು ಬರುವುದು. ಏನೇನು ಬೈಯಬೇಕೆಂದು ಬಸ್ಸಿನಲ್ಲಿ ಕೂತು ಸಾಲಾಗಿ ಜೋಡಿಸಿಕೊಂಡೆ. ಬೈಗುಳ ಜೋಡಿಸಲು ಆರನೇ ಇಯತ್ತೆ ಸಾಕು.

ಸಿಟ್ಟಿನಲ್ಲೂ ಚಪ್ಪಲಿಯನ್ನು ಓಣಿಯ ತಿರುವಿನಲ್ಲೇ ಬಿಟ್ಟೆ. ಬಾಗಿಲು ಅರ್ಧ ತೆರೆದಿತ್ತು. ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಒಳಗೆ ಅಕ್ಕ ಗೋಡೆಗೆ ಒರಗಿ ಕೂತು ಅಕ್ಕಿ ಆರಿಸುತ್ತಿದ್ದಾಳೆ. ಅವಳ ಪಕ್ಕ, ಮೊಣಕಾಲಿಗೆ ಮೊಣಕಾಲು ತಾಗಿಸಿ, ಮಾವ. ತೊಡೆಯ ಮೇಲೆ ಆ ಕರಿ ಗಿಟಾರು. ಎಲ್ಲೂ ವಾಯರಿಲ್ಲ. ಬಾಕ್ಸಿಲ್ಲ. ಮಾವನ ಬೆರಳು ಆಡುತ್ತಿವೆ, ನನಗೆ ದನಿಯೇ ಕೇಳಿಸುತ್ತಿಲ್ಲ.

ಎರಡು ಹೆಜ್ಜೆ ಒಳಗೆ ಇಟ್ಟೆ. ಹುಳು ಹರಿದಾಡಿದಷ್ಟು ಕೇಳಿಸಿತು. ಇನ್ನೂ ಹತ್ತಿರ ಹೋದೆ. ಮೂರು ಊರಿಗೆ ಕೇಳಿಸುವ ಹಾರ್ನಿನ ಮಾಲೀಕ, ಒಂದು ದನಿ ಹಿಡಿಯಲು ಬೆಕ್ಕಿನಂತೆ ಹೆಜ್ಜೆ ಇಡುತ್ತ ಅಕ್ಕನ ಕಾಲ ಹತ್ತಿರ ಬಂದು ಕೂತೆ. ಆಗ ಗೊತ್ತಾಯಿತು. ಅವ್ವ ಬೀಸುವಾಗ ಹಾಡುತ್ತಿದ್ದ ಪದ ಅದು. ಅವ್ವನ ನಂತರ ಅಕ್ಕ ಹಾಡುತ್ತಿದ್ದದ್ದು. ಮಾವ ಒಂದೊಂದೇ ತಂತಿ ಹುಡುಕಿ, ತಪ್ಪಿ, ಮತ್ತೆ ಹುಡುಕಿ ಅದನ್ನು ತೆಗೆಯುತ್ತಿದ್ದ. ಬೆರಳಿನ ತುದಿಗಳೆಲ್ಲ ಜಡ್ಡುಗಟ್ಟಿದ್ದವು.

‘ಅಲ್ಲಲ್ರಿ, ಅಲ್ಲೆ ದನಿ ಇಳೀಬೇಕು’ ಎಂದಳು ಅಕ್ಕ, ಅಕ್ಕಿಯಿಂದ ಕಣ್ಣೆತ್ತದೆ. ಆಮೇಲೆ ತುಟಿಯೊಳಗೇ ಆ ಸಾಲನ್ನು ಹಾಡಿ ತೋರಿಸಿದಳು. ಅವಳು ಹಾಡಿದ್ದನ್ನು ಕೇಳಿ ವರ್ಷದ ಮೇಲಾಗಿತ್ತು.

ಮಾವ ಇಳಿಸಿದ. ಅಕ್ಕನ ಕೈ ಮೊರದಲ್ಲಿ ಹಾಗೆಯೇ ನಿಂತಿತು. ಸ್ವಲ್ಪ ಹೊತ್ತು ಕೇಳಿ ಅವಳು ಅಂದಳು, ‘ಏನ್ರಿ, ಒಂಚೂರು ಜೋರಾಗಿ ಬಾರಸ್ರಿ.’

ಮಾವನ ಬೆರಳು ನಿಂತವು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಹೆದರಿ ಹೆದರಿ, ಕೂದಲೆಳೆಯಷ್ಟು ಜೋರಾಗಿ ಒಂದು ತಂತಿ ಮೀಟಿದ. ಅಕ್ಕನ ಕೈ ತಲೆಗೆ ಹೋಗಲಿಲ್ಲ. ಇನ್ನೊಂದು ಮೀಟಿದ. ಹೋಗಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು ತಲೆಯಾಡಿಸುತ್ತಿದ್ದಳು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದು ಒಂದೂ ನೆನಪಾಗಲಿಲ್ಲ. ಸುಮ್ಮನೆ ಮೂಗು ಸೋರತೊಡಗಿತು. ಎಷ್ಟು ತಡೆದರೂ ನಿಲ್ಲಲಿಲ್ಲ. ಒಮ್ಮೆ ಜೋರಾಗಿ ಏರಿಸಿಕೊಂಡೆ.

ಮಾವ ಕೆಕ್ಕರಿಸಿ ನೋಡಿದ. ಅವನ ಕಣ್ಣೂ ಸರಿ ಇರಲಿಲ್ಲ, ಆದರೂ ಕೆಕ್ಕರಿಸಿದ.

‘ಏ, ಅಳೂದಿದ್ರ ಹೊರಗ ಹೋಗಿ ಅಳು. ಸಪ್ಪಳ ಆಗ್ತೈತಿ.’

ಏಳಲು ಹೊರಟೆ. ಅಕ್ಕ ಕಣ್ಣು ತೆರೆಯದೆಯೇ ಕೈಚಾಚಿ ನನ್ನ ಅಂಗಿಯ ತೋಳು ಹಿಡಿದಳು.

‘ಇಲ್ಲೇ ಅಳ್ಲಿ ಬಿಡ್ರಿ’ ಎಂದಳು. ‘ಆ ಸಪ್ಪಳ ನನಗ ನೋಯೂದಿಲ್ಲ.’