ಟವಲಿನ ಕೆಳಗಿನ ಬಿ.ಪಿ.

ನಮ್ಮ ಸೋದರಮಾವ ತಮಗೆ ಸಂಬಂಧಿಸಿದ ಒಂದೇ ಒಂದು ಅಂಕಿಯನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಈವರೆಗೆ ಕೇಳಿಲ್ಲ. ಬೇಕಾದರೆ ಅವರ ವಯಸ್ಸೆಷ್ಟು ಎಂದು ಕೇಳಿ ನೋಡಿ. ಹೆಗಲ ಮೇಲಿನ ಟವಲನ್ನು ನಿಮ್ಮ ಕೈಮೇಲೆ ಹಾಸಿ, ಅದರ ಕೆಳಗೆ ನಿಮ್ಮ ಬೆರಳುಗಳನ್ನು ಅದುಮಿ, "ತಿಳೀತಿಲ್ಲ?" ಎನ್ನುತ್ತಾರೆ. ತಿಳಿಯುವುದು ಹೇಗೆ ಸ್ವಾಮಿ! ಬೆರಳು ನೋಯುತ್ತದೆ, ಅಷ್ಟೇ.

ತಪ್ಪು ಅವರದೂ ಅಲ್ಲ. ಮನೆ ಭಾಲ್ಕಿಯಲ್ಲಿದ್ದರೂ ಅವರ ಜೀವವಿರುವುದು ಬೀದರಿನ ಗಾಂಧಿ ಗಂಜ್ ಎಂಬ ಕಾಳಿನ ಪೇಟೆಯಲ್ಲಿ, ತಮ್ಮ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿಯಲ್ಲಿ. ಅವರು ಗಾದಿಯ ಮೇಲೆ ಕೂತ ಕಾಲಕ್ಕೆ ದರವನ್ನು ಕೂಗಿ ಹೇಳುವುದು ಮರ್ಯಾದಸ್ಥರ ಕೆಲಸವಾಗಿರಲಿಲ್ಲ. ಕೊಳ್ಳುವವನೂ ಮಾರುವವನೂ ಟವಲಿನ ಕೆಳಗೆ ಕೈ ಹಿಡಿಯಬೇಕು, ಬೆರಳು ಒತ್ತಿ ದರ ಹೇಳಬೇಕು. ದರ ಕುದುರುವ ತನಕ ಕೈ ಬಿಡುವಂತಿಲ್ಲ. ಈಗ ಗಂಜಿನ ದರವೂ ಮೊಬೈಲಿಗೆ ಬಂದಿದೆ. ಮಾವ ಮಾತ್ರ ಟವಲು ಬಿಟ್ಟಿಲ್ಲ. ಮಗಳ ಲಗ್ನದ ಮಾತುಕತೆಗೆ ಔರಾದಿನಿಂದ ಬಂದ ಬೀಗರು, "ಊಟಕ್ಕ ಎಷ್ಟ್ ಮಂದಿ ಹಿಡೀಬೇಕ್ರಿ?" ಎಂದಾಗಲೂ ಟವಲು ಹಾಸಿದ್ದರು. ಬೀಗರು ಸಾಲಿ ಮಾಸ್ತರರು, ಪಾಪ, ಕೈಕುಲುಕುತ್ತಿದ್ದಾರೆ ಎಂದುಕೊಂಡು ತಾವೂ ಜೋರಾಗಿ ಕುಲುಕಿದರು; ಮಾವ ಅದನ್ನೇ ದೊಡ್ಡ ಲೆಕ್ಕವೆಂದು ಹಿಡಿದರು. ಆ ಮದುವೆಯಲ್ಲಿ ಮಿಕ್ಕ ಅನ್ನವನ್ನು ಭಾಲ್ಕಿಯ ಅರ್ಧ ಊರು ಮರುದಿನವೂ ಉಂಡಿತು!

ಇಂಥ ಮನುಷ್ಯನಿಗೆ ಹೋದ ಮಳೆಗಾಲದಲ್ಲಿ ಎದೆ ಹಿಡಿದಂತಾಯಿತು. ಬೀದರಿನ ಡಾಕ್ಟರು ಗುಳಿಗೆಯ ಜೊತೆಗೆ ಒಂದು ಯಂತ್ರವನ್ನೂ ಕೊಟ್ಟರು. ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತಿದರೆ ಸಾಕು, ಬಿ.ಪಿ., ನಾಡಿ ಎಲ್ಲವೂ ಭಾಲ್ಕಿಯಿಂದ ತಾವೇ ಹೊರಟು ಡಾಕ್ಟರ ಕಂಪ್ಯೂಟರಿಗೆ, ಬೀದರಿನಲ್ಲಿರುವ ನನ್ನ ಫೋನಿಗೆ, ಔರಾದಿನ ಮಗಳ ಫೋನಿಗೆ ಒಟ್ಟಿಗೇ ತಲುಪುತ್ತವೆ. "ದಿನಾ ಬೆಳಿಗ್ಗೆ ಅಳೀರಿ. ಅಂಕಿ ಚಲೋ ಬಂದ್ರ ಗಂಜಿಗಿ ಬಿಡ್ತೇನಿ. ಅಲ್ಲೀತನಕ ಮನ್ಯಾಗ ಕೂಡ್ರಿ" ಎಂದರು ಡಾಕ್ಟರು.

ಮಾವನಿಗೆ ಸಿಟ್ಟು ಬಂದದ್ದು ಕಾಯಿಲೆಯ ಮೇಲಲ್ಲ, ಈ ಬಹಿರಂಗದ ಮೇಲೆ! "ನನ್ನ ಬಿ.ಪಿ. ನನ್ನ ಮನಿ ಮಾತು. ಅದನ್ನ ಔರಾದ ತನಕ ಡಂಗುರಾ ಹೊಡೀಬೇಕೇನು? ನಾಳಿ ಬೀಗರಿಗಿ ಗೊತ್ತಾದ್ರ ಇಜ್ಜತ್ ಏನ್ ಉಳೀತದ?" ಮೊದಲ ದಿನ ಪಟ್ಟಿಯ ಮೇಲೆ ಟವಲು ಹೊದಿಸಿಕೊಂಡೇ ಅಳೆದರು. ಯಂತ್ರಕ್ಕೆ ಟವಲಿನ ಮರ್ಯಾದೆ ಎಲ್ಲಿಂದ ಗೊತ್ತಿರಬೇಕು? ಅಂಕಿಯನ್ನು ಎಲ್ಲ ಕಡೆಗೂ ಕಳಿಸಿಬಿಟ್ಟಿತು.

ಆಸ್ಪತ್ರೆಯ ನರ್ಸಮ್ಮ ಫೋನು ಮಾಡಿ, "ಯಜಮಾನ್ರ, ಭಾಳ ಏರಿ ಬಂದದರಿ" ಎಂದರು.

ಮಾವ ಗಂಜಿನ ದನಿಯಲ್ಲೇ, "ಅದು ಪ್ಯಾಟಿ ತೆರಿಯೂ ಹೊತ್ತಿನ ಧಾರಣಿ ಅವ್ವಾ, ಸಂಜಿತನಕ ಇಳೀತದ. ಜರಾ ಇಳಿಸಿ ಬರಕೊಂಡುಬಿಡು" ಎಂದರು.

"ನಾ ಬರಕೊಳ್ಳೂದಲ್ರಿ, ಯಂತ್ರ ತಾನೇ ಬರಕೊಳ್ತದ."

"ಹಂಗಾದ್ರ ನಿನ್ನ ಸಂಗಾಟ ಮಾತು ಯಾಕ? ಆ ಯಂತ್ರಕ್ಕೇ ಫೋನ್ ಕೊಡು!"

ಅಷ್ಟರಲ್ಲಿ ಮಗಳು ಹೆಜ್ಜೆ ಎಣಿಸುವ ಕೈಗಡಿಯಾರವೊಂದನ್ನು ಕಳಿಸಿದಳು. ಮಾವ ಓಣಿಯ ತುದಿ ದಾಟುವ ಪೈಕಿ ಅಲ್ಲ. ಆದರೂ ಮರುದಿನದಿಂದ ನನ್ನ ಫೋನಿನಲ್ಲಿ ಅವರ ಹೆಜ್ಜೆಗಳು ಏರಿದ್ದೇ ಏರಿದ್ದು! ಡಾಕ್ಟರೇ ಗಾಬರಿಯಾಗಿ, "ಈ ವಯಸ್ಸಿಗೆ ಇಷ್ಟ್ ಅಡ್ಡಾಡೂದು ಬ್ಯಾಡ" ಎಂದರು. ವಿಚಾರಿಸಿದರೆ, ಗಡಿಯಾರವು ಪಕ್ಕದ ಊರು ಭಾತಂಬ್ರಾದ ಕುರಿಗಾರ ಗೆಳೆಯನೊಬ್ಬನ ಟಗರಿನ ಕಾಲಲ್ಲಿತ್ತು. ಕೇಳಿದ್ದಕ್ಕೆ ಮಾವ, "ಗಡಿಯಾರಕ್ಕ ಏನ್ ಬೇಕಿತ್ತು? ಹೆಜ್ಜಿ. ಸಿಕ್ಕಾವಿಲ್ಲ?" ಎಂದರು. ಗಡಿಯಾರವನ್ನು ತೊಳೆದು ಔರಾದಿಗೆ ವಾಪಸು ಕಳಿಸಿದ್ದಾಯಿತು.

ಆಶ್ಚರ್ಯ ನೋಡಿ, ಅದಾದ ಮೇಲೆ ಬಿ.ಪಿ. ತಾನಾಗಿ ಸುಧಾರಿಸಿತು. ದಿನ ಬೆಳಗಾದರೆ ಹರೆಯದ ಹುಡುಗರ ಅಂಕಿ! "ಬರೂ ವಾರ ಬಂದು ತೋರಸ್ರಿ, ಗಂಜಿಗಿ ಬಿಡೋಣ" ಎಂದು ಡಾಕ್ಟರೂ ಒಪ್ಪಿದರು. ಮಾವ ಧೋತರವನ್ನು ಇಸ್ತ್ರಿಗೆ ಕೊಟ್ಟರು. ಅವರಿಗಿಂತ ಹೆಚ್ಚಿನ ಸಂಭ್ರಮ ನಮ್ಮ ಅತ್ತೆಗೆ. ಇರದೆ ಏನು? ಮಾವ ಮನೆಯಲ್ಲಿ ಕೂತಾಗಿನಿಂದ ಅಡಿಗೆಮನೆಯ ಬೇಳೆಯನ್ನು ಅಂಗೈಯಲ್ಲಿ ಹರಡಿ, ಊದಿ, ಹಲ್ಲಿನಿಂದ ಕಡಿದು, "ಇದರಾಗ ಹಸಿ ಅದ, ಯಾವ ಮಬ್ಬ ಕೊಟ್ಟಾನ?" ಎಂದು ದಿನವೂ ತಕರಾರು ತೆಗೆಯುತ್ತಿದ್ದರು. "ಇವರೊಮ್ಮಿ ಗಂಜಿಗಿ ಹೋದ್ರ ನನ್ನ ಜೀವಕ್ಕ ಆರಾಮ ನೋಡಪ್ಪಾ" ಎಂದು ಅತ್ತೆ ನನ್ನೆದುರಿಗೇ ಹೇಳಿದ್ದರು.

ಆ ವಾರ ಬರುವ ಮೊದಲೇ ಒಂದು ಬೆಳಿಗ್ಗೆ ನರ್ಸಮ್ಮ ನನಗೆ ಫೋನು ಮಾಡಿದರು. "ನಿಮ್ಮ ಮಾಮಾರ ಎದಿಬಡಿತ ತಾಳ ತಪ್ಪಲತ್ತದರಿ. ಡಾಕ್ಟರು ಈಗಿಂದೀಗ ಕರಕೊಂಡು ಬರ್ರಿ ಅಂದಾರ."

ಬೀದರಿನಿಂದ ಭಾಲ್ಕಿಯ ತನಕ ಕಾರನ್ನು ಹೇಗೆ ಓಡಿಸಿದೆನೋ ನನಗೇ ಗೊತ್ತಿಲ್ಲ. ಓಡಿ ಒಳಗೆ ಹೋದರೆ, ಮಾವ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಚುರುಮುರಿ ಸುಸಲಾ ತಿನ್ನುತ್ತಿದ್ದಾರೆ, ಮೇಲೊಂದು ಮಿರ್ಚಿ ಭಜಿ ಬೇರೆ!

"ಮಾಮಾ, ಎದಿ ಹ್ಯಾಂಗದ?"

"ಕಲ್ಲಿನಂಗ ಅದ. ಯಾಕ?"

ಫೋನು ಬಂದದ್ದನ್ನು ಹೇಳಿದೆ. ಮಾವನ ಕೈಯಲ್ಲಿದ್ದ ಭಜಿ ಕೆಳಗೆ ಬಿತ್ತು. ಅವರು ತಮ್ಮ ಎದೆ ಮುಟ್ಟಿಕೊಳ್ಳಲಿಲ್ಲ, ಅಡಿಗೆಮನೆಯ ಕಡೆ ನೋಡಿದರು. ಅಲ್ಲಿ ಅತ್ತೆ ಗೋಡೆಗೆ ಆತು ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ಅದು ನನ್ನ ತೋಳಲ್ಲೋ" ಎಂದರು ಮಾವ. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲ ಸಲ ಕೇಳಿದ್ದು. "ಆಕಿದು."

ಆದದ್ದಿಷ್ಟು. ರಾಶಿ ಹೇಗೇ ಇರಲಿ, ಮುಂದೆ ಹಿಡಿಯುವ ಸ್ಯಾಂಪಲ್ ಚೊಕ್ಕವಾಗಿರಬೇಕು ಎನ್ನುವುದು ಅಡತಿ ಬುದ್ಧಿ. ಮನೆಯಲ್ಲಿ ಚೊಕ್ಕ ಸ್ಯಾಂಪಲ್ ಯಾರು? ನೆಗಡಿ ಎಂದು ಸಹ ಒಂದು ದಿನ ಮಲಗದ ಅತ್ತೆ! ದಿನವೂ ಅವರ ತೋಳಿಗೆ ಪಟ್ಟಿ ಕಟ್ಟಿ, ಮೇಲೆ ಟವಲು ಮುಚ್ಚಿ, ಮಾವ ಗುಂಡಿ ಒತ್ತುತ್ತಿದ್ದರು. ಅತ್ತೆಯೂ ಖುಷಿಯಿಂದಲೇ ತೋಳು ಕೊಟ್ಟಿದ್ದರು.

"ನಿನ್ನಿಂದ ಎದ್ಯಾಗ ಧಡಧಡ ಅಂತಿತ್ತಪ್ಪಾ" ಎಂದರು ಅತ್ತೆ ಕಾರಿನಲ್ಲಿ. "ಹೇಳಿದ್ರ ಇವರ ಗಂಜ ತಪ್ತದಂತ ಸುಮ್ನಿದ್ದೆ."

ಬೀದರಿನ ಆಸ್ಪತ್ರೆಯಲ್ಲಿ ಅತ್ತೆಯ ಮೈಗೆ ತಂತಿ ಅಂಟಿಸಿ, ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಸಂಜೆಗೆ ಬಡಿತ ಹದಕ್ಕೆ ಬಂತು. "ಹೊತ್ತಿಗಿ ಸರಿಯಾಗಿ ಬಂದೀರಿ. ತಡ ಆಗಿದ್ರ ಕಠಿಣ ಇತ್ತು. ಇನ್ನ ಗುಳಿಗಿ ತಗೊಂಡ್ರ ಸಾಕು" ಎಂದರು ಡಾಕ್ಟರು. ತೋಳು ಬದಲಾದ ಕಥೆ ಕೇಳಿ, ಈ ಮನುಷ್ಯನನ್ನು ಬೈಯಬೇಕೋ ಶಹಬ್ಬಾಸ್ ಎನ್ನಬೇಕೋ ಅವರಿಗೂ ತಿಳಿಯಲಿಲ್ಲ. ಕೊನೆಗೆ ನಕ್ಕು, ಮಾವನ ಸ್ವಂತ ತೋಳನ್ನೇ ಎದುರಿಗೆ ಹಿಡಿಸಿ ಅಳೆದರು. "ಪರವಾ ಇಲ್ಲ, ನೀವೂ ಸುಧಾರಿಸೀರಿ. ಬರೂ ವಾರದಿಂದ ಅರ್ಧಾ ದಿನ ಗಂಜಿಗಿ ಹೋಗ್ರಿ."

ಮಳೆಗಾಲದಿಂದ ಕಾದು ಕೂತಿದ್ದ ಮಾತು ಅದು! ಮಾವನ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. ಅತ್ತೆಯ ಮಂಚದ ಪಕ್ಕ ಕೂತು, ಹೆಗಲ ಮೇಲಿನ ಟವಲನ್ನು ತೆಗೆದು ಅವರ ಕೈಮೇಲೆ ಹಾಸಿ, ಕೆಳಗೆ ಬೆರಳು ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

ಅತ್ತೆಗೆ ನಾಚಿಕೆಯಾಯಿತು. "ಇದೇನ್ರಿ, ಗಂಜ ಅನ್ಕೊಂಡೀರೇನು? ನರ್ಸಮ್ಮ ನೋಡ್ಲತ್ತಾಳ, ಕೈ ಬಿಡ್ರಿ."

"ತಡಿ" ಎಂದರು ಮಾವ. "ದರಾ ಇನ್ನಾ ಕುದುರಿಲ್ಲ."