ನಕ್ಷೆಯಲ್ಲಿ ಹುಟ್ಟಿಕೊಂಡ ಕೆರೆಯ ಬಗ್ಗೆ

ಕೋಟಿಗಟ್ಟಲೆ ಪ್ರಜೆಗಳನ್ನು ಎಂಟಡಿ ಗೋಡೆಯ ಮೇಲೆ ಹೊತ್ತು ನಿಂತಿರುವ, ಮೂರು ನದಿಗಳ ಒಡೆಯರೂ ಒಂದು ಸ್ವಿಚ್ ಬೋರ್ಡಿನ ಪಾಲಕರೂ ಆದ, ನಮ್ಮ ಶಾಲೆಯ ಪಡಸಾಲೆಯ ರಾಜ್ಯನಕ್ಷೆ ಮಹಾಶಯರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಹೊಸ ಬಣ್ಣ ಕಾಣದೆ ಎಷ್ಟು ವರ್ಷವಾಯಿತೋ, ಆದರೂ ತಮ್ಮ ಗಾಂಭೀರ್ಯ ಒಂದಿಷ್ಟೂ ಉದುರಿಲ್ಲ. ಉದುರಿದ್ದು ಉತ್ತರದ ಬೆಟ್ಟಸಾಲು ಮಾತ್ರ. ತಮ್ಮ ಮೂಲೆಯಲ್ಲಿ ಬರೆದಿಟ್ಟ ಜನಸಂಖ್ಯೆಗೆ ಮರ್ಯಾದೆ ಕೊಡದೆ ಜನ ಹುಟ್ಟುತ್ತಲೇ ಹೋದದ್ದು ಅವರ ಉದ್ಧಟತನ, ತಮ್ಮ ತಪ್ಪಲ್ಲ. ಬಣ್ಣದವನು ರಾಜಧಾನಿಯನ್ನು ಕಿಟಕಿಯ ಬಾಗಿಲ ಮೇಲೆಯೇ ಬರೆದಿದ್ದರಿಂದ ಗಾಳಿ ಬೀಸಿದಾಗಲೆಲ್ಲ ಅದು ಪಕ್ಕದ ಜಿಲ್ಲೆಗೆ ಹೋಗಿ ಬಡಿದುಕೊಳ್ಳುತ್ತದೆ. ಹಳೆಯ ದೊರೆಗಳೂ ತೋಚಿದಾಗ ರಾಜಧಾನಿ ಬದಲಿಸುತ್ತಿದ್ದರೆಂದು ಪಾಠದಲ್ಲಿರುವುದರಿಂದ, ಇತಿಹಾಸಕ್ಕೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಬೇಕಿಲ್ಲ. ಉಕ್ಕಿನ ಪಟ್ಟಣದ ಮೇಲೆ ಸ್ವಿಚ್ ಬೋರ್ಡ್ ಕೂತಿದೆ, ಒತ್ತಿದರೆ ಫ್ಯಾನು ತಿರುಗುತ್ತದೆ. ಇಡೀ ರಾಜ್ಯದಲ್ಲಿ ಹೇಳಿದ ಕೂಡಲೇ ಕೆಲಸಕ್ಕಿಳಿಯುವ ಉದ್ಯಮ ಅದೊಂದೇ.

ಇಷ್ಟೆಲ್ಲ ಮೆಚ್ಚಿಕೊಂಡ ನಮಗೂ ಆ ಕೆರೆಯೊಂದನ್ನು ನುಂಗಿಕೊಳ್ಳಲಾಗುತ್ತಿಲ್ಲ. ಹೋದ ವರ್ಷ ತಾವು ಯಾರನ್ನೂ ಕೇಳದೆ, ಗೋಧಿ ಬೆಳೆಯುವ ಜಿಲ್ಲೆಯ ನಟ್ಟನಡುವೆ, ಕಡುಬಣ್ಣದ ದುಂಡನೆಯ ಕೆರೆಯೊಂದನ್ನು ಹುಟ್ಟಿಸಿಕೊಂಡಿರಿ. ಸಮಾಜ ಪಾಠ ಹೇಳುವ ನನ್ನ ಚಿಕ್ಕಮ್ಮ ಇನ್ನೂ ಕಾಯಂ ಆಗದ ಶಿಕ್ಷಕಿ, ಇಲಾಖೆಯ ನಕ್ಷೆ ಸುಳ್ಳಾಡದು ಎಂದು ನಂಬಿದವರು. ಅದನ್ನು ಸಿಹಿನೀರಿನ ಕೆರೆ ಎಂದು ಮೂರು ತಿಂಗಳು ಕಲಿಸಿದರು, ಪಾಠದಲ್ಲೇ ಸುತ್ತಲಿನ ರೈತರ ಕೈಗೆ ಮೀನಿನ ಬಲೆಯನ್ನೂ ಕೊಟ್ಟರು. ಮೊನ್ನೆ ತಪಾಸಣೆಗೆ ಬಂದ ಸಾಹೇಬರು "ಅಲ್ಲಮ್ಮಾ, ನಾನು ಹುಟ್ಟಿದ್ದೇ ಆ ಜಿಲ್ಲೇಲಿ, ಈಜೋಕೆ ಒಂದು ಗುಂಡಿನೂ ಸಿಗ್ಲಿಲ್ವಲ್ಲ ನಂಗೆ!" ಎಂದು ನಕ್ಕರು; ಆಮೇಲೆ ನಗದೆ ವರದಿ ಬರೆದರು. ಚಿಕ್ಕಮ್ಮನ ಕಾಯಂ ಆದೇಶ ಈಗ ಆ ಕೆರೆಯ ತಳದಲ್ಲಿದೆ.

ಆದಕಾರಣ ತಾವು ದಯಮಾಡಿ ಸೋಮವಾರ ಚಿಕ್ಕಮ್ಮನ ಮೇಲೆ ನಡೆಯಲಿರುವ ವಿಚಾರಣೆಯೊಳಗೆ ಆ ಜಿಲ್ಲೆಯಲ್ಲಿ ನಿಜವಾದ ಕೆರೆ ತೋಡಿಸಿ, ಮೀನು ಬಿಡಿಸಿ, ಸಾಹೇಬರಿಗೆ ಈಜು ಕಲಿಸಿಕೊಡಬೇಕಾಗಿ ಪ್ರಾರ್ಥನೆ. ಅದಾಗದಿದ್ದರೆ ಪೂರ್ವದ ನದಿಯನ್ನು ನಾಲ್ಕು ಬೆರಳು ಪಶ್ಚಿಮಕ್ಕೆ ಸರಿಸಿದರೂ ಸಾಕು, ಪ್ರವಾಹ ಬಂದಿತ್ತೆಂದು ಹೇಳಿ ಬಚಾವಾಗುತ್ತೇವೆ.

ತಮ್ಮ ವಿಶ್ವಾಸಿ,
ಚಿಕ್ಕಮ್ಮನಿಗಿಂತ ಮೊದಲೇ ಪಡಸಾಲೆಯಲ್ಲಿ ಕಾಯಂ ಆದವನು

ತಾ.ಕ.: ಅದು ನೀರಲ್ಲ. ಹೋದ ವರ್ಷವಿಡೀ ನನ್ನನ್ನು ತರಗತಿಯಿಂದ ಹೊರಗೆ ನಿಲ್ಲಿಸಿದಾಗಲೆಲ್ಲ ನಾನು ತಲೆ ಆನಿಸಿ ತೂಕಡಿಸಿದ್ದು ಅಲ್ಲೇ. ಅದು ನನ್ನ ತಲೆಯೆಣ್ಣೆ. ತಮಗೆ ಓದಲು ಬಾರದೆಂದು ಗೊತ್ತು, ಚಿಕ್ಕಮ್ಮನಿಗೆ ಬರುತ್ತದೆ. ಎದುರು ನಿಂತು ಹೇಳಲು ಧೈರ್ಯ ಸಾಲದೆ ಈ ಕಾಗದವನ್ನು ಕೆರೆಯ ಮೇಲೆಯೇ ಅಂಟಿಸಿ ಹೋಗುತ್ತಿದ್ದೇನೆ.