ನೂರಕ್ಕೆ ನೂರು ತೋರಿಸಿದ ಬ್ಯಾಟರಿಯವರಿಗೆ

ನನ್ನ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಮೂರು ವರ್ಷಗಳಿಂದ ವಾಸವಾಗಿರುವ ಮಾನ್ಯ ಬ್ಯಾಟರಿಯವರೇ,

ಬೆಸಗರಹಳ್ಳಿಯಿಂದ ಚಂದನ ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮದ ಬಗ್ಗೆಯೇ ಈ ಪತ್ರ.

ಕಳೆದ ಸೋಮವಾರ ಮಳವಳ್ಳಿಯ ಕಾಲೇಜೊಂದರ ಗ್ರಂಥಪಾಲಕಿ ಹುದ್ದೆಗೆ ನನ್ನ ಆನ್‌ಲೈನ್ ಸಂದರ್ಶನ ನಡೆಯುತ್ತಿದ್ದಾಗ ಕರೆಂಟು ಹೋದದ್ದು ತಮಗೆ ತಿಳಿದೇ ಇದೆ. ತಾವು ನೂರಕ್ಕೆ ನೂರು ಎಂದು ತೋರಿಸುತ್ತಿದ್ದ ಧೈರ್ಯದಲ್ಲಿ ನಾನು ಮಾತು ಮುಂದುವರಿಸಿ, "ಹಿಡಿದ ಕೆಲಸವನ್ನು ನಾನು ಅರ್ಧಕ್ಕೆ" ಎನ್ನುವಷ್ಟರಲ್ಲಿ ತಾವು ಕಣ್ಣು ಮುಚ್ಚಿದಿರಿ. ನಾಲ್ಕೇ ನಿಮಿಷ! ನೂರರಿಂದ ಸೊನ್ನೆಗೆ ಇಳಿದ ತಮ್ಮ ವೇಗಕ್ಕೆ ಮದ್ದೂರಿನ ಪ್ರೈವೇಟ್ ಬಸ್ಸುಗಳೂ ನಾಚಬೇಕು.

ತಪ್ಪೆಲ್ಲ ತಮ್ಮದೇ ಎನ್ನಲಾರೆ. ನಮ್ಮವ್ವ ಸಣ್ಣತಾಯಮ್ಮನದು ಬೀಗರೂಟಗಳಲ್ಲಿ ಬಡಿಸಿ ಪಳಗಿದ ಕೈ. ಎಲೆಯಲ್ಲಿ ಜಾಗ ಕಂಡರೆ ಇನ್ನೊಂದು ಮುದ್ದೆ ಇಡದೆ ಬಿಡುವವಳಲ್ಲ. ತಾವು ತೊಂಬತ್ತೊಂಬತ್ತಕ್ಕೆ ಇಳಿದರೂ "ಉಣ್ಲಿ ಬುಡವ್ವ, ಕರೆಂಟು ಮತ್ಯಾವಾಗ ಬತ್ತದೋ" ಎಂದು ವೈರು ಸಿಕ್ಕಿಸಿ, ದೂಳು ಕೂರಬಾರದೆಂದು ಮೇಲೊಂದು ದಪ್ಪ ಟವೆಲು ಹೊದಿಸಿ ಸತ್ಕರಿಸಿದಳು. ನಾನೂ ತಡೆಯಲಿಲ್ಲ. ಮದ್ದೂರಿನ ರಿಪೇರಿ ಅಂಗಡಿಯ ರಿಯಾಜ್ ತಮ್ಮನ್ನು ಬಿಚ್ಚಿ ನೋಡಿ, "ಉಣ್ಸಿ ಉಣ್ಸೇ ಸಾಯಿಸ್ಬುಟ್ಟಿದ್ದೀರಲ್ಲಕ್ಕ" ಎಂದರು. ಎಂಬತ್ತಕ್ಕೆ ನಿಲ್ಲಿಸಿ, ಇಪ್ಪತ್ತಕ್ಕೆ ಇಳಿಯುವ ಮೊದಲೇ ಮತ್ತೆ ಹಾಕಿ, ಬಿಸಿಯಾಗದಂತೆ ನೋಡಿಕೊಂಡಿದ್ದರೆ ತಾವು ಇನ್ನೂ ನಾಲ್ಕು ಕಾಲ ಬಾಳುತ್ತಿದ್ದಿರಂತೆ. ಈಗ ತಾವು ತೋರಿಸುವ ನೂರು ಕುಗ್ಗಿಹೋದ ಹೊಟ್ಟೆಯ ನೂರಂತೆ. ಕೇಳಿ ನಿಜಕ್ಕೂ ಸಂಕಟವಾಯಿತು.

ಆದರೂ ಆಗ ತಾವು ಒಮ್ಮೆಯಾದರೂ "ಸಾಕು" ಎನ್ನಬಹುದಿತ್ತು. ಕಾಲೇಜಿನವರು ದೊಡ್ಡ ಮನಸ್ಸು ಮಾಡಿ ಬರುವ ಗುರುವಾರ ಹನ್ನೊಂದಕ್ಕೆ ಇನ್ನೊಮ್ಮೆ ಕರೆದಿದ್ದಾರೆ. ಅಂದು ತಾವು ದಯಮಾಡಿ ನಲವತ್ತು ನಿಮಿಷ ಜೀವ ಹಿಡಿದುಕೊಂಡಿರಬೇಕು; ಆಗದಿದ್ದರೆ ಮೂರು ದಿನ ಮುಂಚಿತವಾಗಿ ಲಿಖಿತ ನೋಟಿಸು ಕೊಡಬೇಕು; ಅದೂ ಆಗದಿದ್ದರೆ ನಮ್ಮೂರಿನ ಲೈನ್‌ಮನ್ನರೊಂದಿಗೆ ಮಾತಾಡಿ, ತಾವೂ ಕರೆಂಟೂ ಒಂದೇ ದಿನ ರಜೆ ಹಾಕದಂತೆ ಒಪ್ಪಂದ ಮಾಡಿಕೊಳ್ಳಬೇಕು. ಎಂಟು ವರ್ಷ ಗ್ರಂಥಾಲಯಗಳಲ್ಲಿ ರಜೆ ಹೋದವರ ಜಾಗಕ್ಕೆ ತಾತ್ಕಾಲಿಕವಾಗಿ ಕೂತು ಎದ್ದು ನನಗೆ ಸಾಕಾಗಿದೆ. ಈ ಕುರ್ಚಿ ನನಗೆ ಬೇಕು.

ತಮ್ಮ, ನಾಲ್ಕು ನಿಮಿಷಗಳ ಮಟ್ಟಿಗೆ, ವಿಶ್ವಾಸಿ
ಚಂದನ

ತಾ.ಕ.: ತಮ್ಮ ಹುದ್ದೆಗೂ ನಿನ್ನೆ ರಿಯಾಜರ ಅಂಗಡಿಯಲ್ಲಿ ಸಂದರ್ಶನ ನಡೆಯಿತು. ಅಭ್ಯರ್ಥಿ ವೈರಿನ ಹಂಗಿಲ್ಲದೆ ಮೂರು ಗಂಟೆ ಉತ್ತರಿಸಿದರು. ಫಲಿತಾಂಶ ಬುಧವಾರ.